ವೆಬ್‌ಸೈಟಿನಲ್ಲಿ ಸಿಗದ ಶಿವನಿ

ಬೆಳಿಗ್ಗೆ ಕಣ್ಣಿನ ಕ್ಯಾಂಪಿನ ವ್ಯಾನ್ ಡ್ರೈವರ್ ಫೋನ್ ಮಾಡಿದ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಾನಂತೆ. ಪೇಷಂಟ್ ಎಲ್ಲಿ ಅಂತ ಕೇಳಿದ.

ಪೇಷಂಟ್ ಅಂದರೆ ನಮ್ಮಕ್ಕ. ಅವಳು ಶಿವನಿಯಲ್ಲಿ, ರೈಲ್ವೆ ಸ್ಟೇಷನ್ ಮುಂದೆ, ತಲೆಗೆ ನೀರು ಹಾಕಿಕೊಂಡು, ಬಟ್ಟೆ ಚೀಲ ಹಿಡಿದು ನಿಂತಿದ್ದಳು.

ವ್ಯಾನ್ ಕಾಯಲಿಲ್ಲ. ಬೇರೆಯವರನ್ನು ಹತ್ತಿಸಿಕೊಂಡು ಹೋಯಿತು.

ಅಕ್ಕನಿಗೆ ಎರಡೂ ಕಣ್ಣಿಗೆ ಪೊರೆ. ಗ್ಯಾಸ್ ಒಲೆ ಹೊತ್ತಿದೆಯೋ ಇಲ್ಲವೋ ಅಂತ ಕೈ ಚಾಚಿ ನೋಡುವ ಮಟ್ಟಕ್ಕೆ ಬಂದಿದ್ದಳು. ನನಗೆ ಅದೇ ದಿಗಿಲು.

ಸರ್ಕಾರಿ ವೆಬ್‌ಸೈಟಿನಲ್ಲಿ ಕ್ಯಾಂಪಿಗೆ ಬುಕಿಂಗ್ ಮಾಡಿದ್ದು ನಾನೇ. ಕಡೂರಿನ ಮನೆಯಲ್ಲಿ ಕೂತು, ಒಂದೇ ಬೆರಳಿನಲ್ಲಿ. (ಮಗಳ ಜೊತೆ ಓದಿ ಎಸ್ಸೆಸ್ಸೆಲ್ಸಿ ಪಾಸಾದವನು ನಾನು. ಟೈಪಿಂಗ್ ಅದಕ್ಕೂ ಆಮೇಲೆ ಬಂತು.) ಮೊದಲು ತಾಲೂಕು ಆರಿಸಿ ಅಂತಿತ್ತು. ಅಕ್ಕನಿಗೆ ಫೋನ್ ಮಾಡಿ ಕೇಳಿದೆ. ತರೀಕೆರೆ ಅಂದಳು. ನನಗೂ ಅನುಮಾನ ಬರಲಿಲ್ಲ. ಶಿವನಿ ಈಗ ಅಜ್ಜಂಪುರಕ್ಕೆ ಸೇರಿದೆ; ಅದು ಬೇರೆ ತಾಲೂಕಾಗಿ ವರ್ಷಗಳೇ ಆದವು. ನಮ್ಮ ಬಾಯಲ್ಲಿ ಮಾತ್ರ ಇನ್ನೂ ಆಗಿಲ್ಲ!

ಊರುಗಳ ಪಟ್ಟಿಯಲ್ಲಿ ಶಿವನಿ ಇಲ್ಲ. ಏನಾದರೂ ಆರಿಸದೆ ಮುಂದಕ್ಕೆ ಬಿಡಲ್ಲ. ತರೀಕೆರೆ ಟೌನ್ ಒತ್ತಿ, ಕೆಳಗೆ ವಿಳಾಸದಲ್ಲಿ ಶಿವನಿ ಅಂತ ಬರೆದೆ. ಸಾಕಲ್ಲವೇ? ಸಾಲದು. ಡ್ರೈವರಿಗೆ ಕಾಣುವುದು ಆರಿಸಿದ ಊರು ಮಾತ್ರವಂತೆ.

ಟೀ ಅಂಗಡಿಗೆ ಹೋಗಿ ಆ ವೆಬ್‌ಸೈಟನ್ನು ಮನಸಾರೆ ಬೈದೆ. ಪಕ್ಕದಲ್ಲಿ ಕೂತಿದ್ದ ನಮ್ಮ ಆಟೋ ಸಿದ್ದಪ್ಪ ಎಲ್ಲ ಕೇಳಿಸಿಕೊಂಡು ಹೇಳಿದ: "ಏನಪ್ಪಾ, ವೆಬ್‌ಸೈಟು ಇಲ್ಲಿಗೆ ಟೀ ಕುಡಿಯಕ್ಕೆ ಬತ್ತದಾ? ಅಲ್ಲೇ ಹೋಗಿ ಬೈಯಿ."

ಹೌದಲ್ಲ! ಅದರ ಕೆಳಗೆ 'ನಿಮ್ಮ ಅಭಿಪ್ರಾಯ' ಅಂತ ಒಂದು ಪೆಟ್ಟಿಗೆ ಇತ್ತು. ಕೂತು ಎಲ್ಲ ಬರೆದೆ. ಇನ್ನೇನು ಮುಗಿಯಬೇಕು, 'ಸಮಯ ಮೀರಿದೆ' ಅಂತ ಬಂದು ಅಷ್ಟೂ ಮಾಯ. ಮತ್ತೆ ಚಿಕ್ಕದಾಗಿ ಬರೆದೆ. ಈ ಸಮಯದ ವಿಷಯವನ್ನೂ ಸೇರಿಸಿದೆ.

ಯಾರು ಓದುತ್ತಾರೆ ಅಂದುಕೊಂಡಿದ್ದೆ. ಒಂದು ದಿನ ಫೋನ್ ಬಂತು. ಆ ವೆಬ್‌ಸೈಟಿನ ಕೆಲಸ ಮಾಡುವ ಹೆಣ್ಣುಮಗಳು. ಅವತ್ತು ಮಾಡಿದ ಹಾಗೇ ಇನ್ನೊಮ್ಮೆ ಮಾಡಿ, ಏನು ಕಾಣುತ್ತದೆ, ಏನು ಅಂದುಕೊಳ್ಳುತ್ತೀರಿ, ಎಲ್ಲಾ ಬಾಯಿಬಿಟ್ಟು ಹೇಳುತ್ತಾ ಹೋಗಿ ಅಂದಳು. ಹೇಳುತ್ತಾ ಹೋದೆ. ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.

ತಾಲೂಕು ತಪ್ಪಾಗಿ ಒತ್ತಿದ್ದು ನಾನೇ ಅಲ್ವೇನಮ್ಮ ಅಂದೆ.

"ಇಲ್ಲ ಸಾರ್. ಅಜ್ಜಂಪುರ ಕಡೆಯೋರು ತುಂಬಾ ಜನ ಹಿಂಗೇ ಬರ್ದಿದ್ದಾರೆ. ಇಷ್ಟು ಜನಕ್ಕೆ ಅವರ ಊರು ಸಿಗ್ಲಿಲ್ಲ ಅಂದ್ರೆ ನಾವು ಇಟ್ಟಿರೋ ಜಾಗ ಸರಿಯಿಲ್ಲ ಅಂತ."

ಸರ್ಕಾರಿ ಕೆಲಸದಲ್ಲಿ ಇಂಥ ಮಾತು ಕೇಳಿ ಎಷ್ಟು ಕಾಲವಾಗಿತ್ತು!

ಆಮೇಲೆ ಬದಲಾಯಿಸಿದ್ದೇವೆ, ನೋಡಿ ಅಂತ ಮೆಸೇಜ್ ಬಂತು. ಈಗ ತಾಲೂಕು ಕೇಳುವುದೇ ಇಲ್ಲ. 'ಶಿವ' ಅಂತ ಟೈಪ್ ಮಾಡುವಷ್ಟರಲ್ಲಿ ಶಿವನಿ ಬಂತು. ಪಕ್ಕದಲ್ಲಿ ಚಿಕ್ಕದಾಗಿ 'ಅಜ್ಜಂಪುರ (ಮೊದಲು ತರೀಕೆರೆ)'. ನಿಧಾನ ಮಾಡಿದರೆ 'ಇನ್ನೂ ಬರೆಯುತ್ತಿದ್ದೀರಾ?' ಅಂತ ಕೇಳುತ್ತದೆ. (ಹೌದಮ್ಮ, ಬರೀತಾ ಇದ್ದೀನಿ.)

ಮುಂದಿನ ಕ್ಯಾಂಪಿಗೆ ವ್ಯಾನ್ ನೇರ ಸ್ಟೇಷನ್ ಮುಂದೆ ಬಂದು ನಿಂತಿತು. ಮೊನ್ನೆ ಅಕ್ಕನ ಒಂದು ಕಣ್ಣಿನ ಪಟ್ಟಿ ಬಿಚ್ಚಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಲೇ, ನಿನ್ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತೋ? ನಂಗೊಬ್ರೂ ಹೇಳ್ಲಿಲ್ವಲ್ಲೋ."

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅವಳ ಈ ಅಭಿಪ್ರಾಯಕ್ಕೆ ಮಾತ್ರ ಯಾರೂ ಏನೂ ಮಾಡುವ ಹಾಗಿಲ್ಲ.

ಈಗ ಹೇಳಿ, ನೀವು ಬೈಯುವುದನ್ನೆಲ್ಲ ಎಲ್ಲಿ ಬೈಯುತ್ತಿದ್ದೀರಿ, ಟೀ ಅಂಗಡಿಯಲ್ಲೋ, ಆ ಪೆಟ್ಟಿಗೆಯಲ್ಲೋ?