ಬಾಯಿ ಬಿಟ್ಟ ದಿಮ್ಮಿ

ಸುಗಲಾ, ಆ ಬೇವಿನ ದಿಮ್ಮಿಯ ತುದಿಗೆ ನೀನು ಬಳಿದಿದ್ದ ಸಗಣಿಯನ್ನು ತೊಳೆದವಳು ನಾನು — ನಿನ್ನ ಅಣ್ಣನ ಹೆಂಡತಿ, ನಿನ್ನ ವೈನಿ. ಇಷ್ಟು ಹೇಳಲು ಇಷ್ಟು ವರ್ಷ ಯಾಕೆ ಬೇಕಾಯಿತು ಎಂದರೆ, ಇವತ್ತಿಗೂ ನನಗೆ ನೆಟ್ಟಗೆ ಹೇಳಲು ಬಾರದು.

ಎಂಬತ್ತರ ದಶಕದ ಆ ಬೇಸಿಗೆ. ಸರಸಂಬಾದಲ್ಲಿ ನಮ್ಮ ಹೊಸ ಮನೆಯ ಗೋಡೆಗಳು ಎದ್ದಿದ್ದವು. ಹೊಸ್ತಿಲಿಗೆಂದು ಮಾವನವರು, ಅಂದರೆ ನಿನ್ನ ಅಪ್ಪ, ಹೊಲದ ಬೇವು ಕಡಿಸಿ ದಿಮ್ಮಿಯನ್ನು ದನದ ಕೊಟ್ಟಿಗೆಯ ಪಕ್ಕಕ್ಕೆ ಉರುಳಿಸಿದ್ದರು. ಆಳಂದದ ಸಾಮಿಲ್ಲಿನಲ್ಲಿ ಕರೆಂಟಿನದೇ ಗೋಳು. ನಮ್ಮ ಪಾಳಿ ಬರುವ ತನಕ ಹಸಿ ಮರ ಬಿಸಿಲಲ್ಲಿ ಬಿದ್ದಿರಬೇಕು. "ಎರಡೂ ಕಡಿ ಸಗಣಿ-ಮಣ್ಣು ದಪ್ಪಗ ಬಳಿ ಸುಗಲಾ, ಇಲ್ಲಾಂದ್ರ ತುದಿ ಒಣಗಿ ಸೀಳಿ ಬಾಯಿ ಬಿಡ್ತದ," ಅಂದರು. ಗಂಡ ತೀರಿ, ತವರಿಗೆ ಬಂದು ವರ್ಷವೂ ಆಗಿರದ ನೀನು, ಯಾರೋ ಒಂದು ಕೆಲಸ ಹೇಳಿದರಲ್ಲ ಎಂಬ ಖುಷಿಯಲ್ಲಿ ಬಳಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ನಾನು ನೋಡಿದೆ. ಎರಡೂ ಕಡೆ, ಮರ ಚೂರೂ ಕಾಣದ ಹಾಗೆ, ರೊಟ್ಟಿ ತಟ್ಟಿದಂತೆ ತಟ್ಟಿದ್ದೆ ನೀನು.

ನಾನಾಗ ಬಸುರಿ. ಅದಕ್ಕೂ ಮೊದಲು ಎರಡು ಸಲ ಬಸಿರು ಇಳಿದುಹೋಗಿತ್ತು. ಹೊಸ್ತಿಲೆಂದರೆ ಲಕ್ಷ್ಮಿ, ಅದಕ್ಕೆ ಮೊದಲು ವಿಧವೆಯ ಕೈ ಹತ್ತಿತಲ್ಲ — ಈ ಮಾತು ನನ್ನ ತಲೆಗೆ ಎಲ್ಲಿಂದ ಹೊಕ್ಕಿತೋ! ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು ನಾನು. ಲಿಂಗವಂತರಿಗೆ ಮೈಲಿಗೆಯೇ ಇಲ್ಲವೆಂದು ಮಾವ ದಿನಾ ಹೇಳುತ್ತಿದ್ದ ಮನೆ ಅದು. ನಂಬಿದ್ದೆನೋ, ಹೆದರಿದ್ದೆನೋ, ಇಲ್ಲಾ ಮಾವ ನನ್ನನ್ನು ಬಿಟ್ಟು ನಿನಗೆ ಹೇಳಿದರೆಂಬ ಹೊಟ್ಟೆಕಿಚ್ಚೋ... ಗೊತ್ತಿಲ್ಲ. ನೀನು ಹೊಲಕ್ಕೆ ಹೋದ ಮೇಲೆ ಕೊಡ ನೀರು ಒಯ್ದು ಹಿಂದಿನ ತುದಿ ತೊಳೆದೆ. ಎರಡನ್ನೂ ತೊಳೆದು ನನ್ನ ಕೈಯಿಂದಲೇ ಮತ್ತೆ ಬಳಿಯಬೇಕೆಂದಿದ್ದೆ, ದೇವರಾಣೆ. ವಾಸನೆಗೆ ವಾಂತಿ ಬಂತು. ಒಳಗೆ ಹೋಗಿ ಮಲಗಿದವಳು ಮತ್ತೆ ಅತ್ತ ಸುಳಿಯಲೇ ಇಲ್ಲ. ಆ ತುದಿ ಬೇಲಿಯ ಕಡೆಗಿತ್ತು, ಯಾರ ಕಣ್ಣಿಗೂ ಬೀಳಲಿಲ್ಲ.

ಸಾಮಿಲ್ಲಿಗೆ ಒಯ್ಯಲು ಬಂಡಿ ಬಂದ ದಿನ ನೋಡಿದರೆ, ಆ ತುದಿಯಿಂದ ನಡುವಿನ ತನಕ ಮರ ಸೀಳಿತ್ತು. ಹೊಸ್ತಿಲು ಹೋಗಲಿ, ಮಣೆಗೂ ಬಾರದ ಹಾಗೆ. ನಿನ್ನ ಹಡೆದವ್ವನೇ, "ಇಕಿ ಕೈ ಹಚ್ಚಿದ್ದು ಯಾವುದು ನೆಟ್ಟಗಾಗ್ಯಾದ?" ಅಂದುಬಿಟ್ಟರು. ನೀನು ಅಳಲಿಲ್ಲ. ನನ್ನ ಕಡೆ ತಿರುಗಿದೆ.

"ವೈನಿ, ನಾ ಎರಡೂ ಕಡಿ ಬಳಿದೀನ್ರಿ. ನೀವು ನೋಡೀರಲ್ರಿ?"

"ನಾ ನೋಡಿಲ್ಲಬೇ," ಅಂದೆ.

ಮರ ಬಾಯಿ ಬಿಟ್ಟಿತ್ತು. ನಾನು ಬಿಡಲಿಲ್ಲ.

ಮನೆಯಾಗುವ ತನಕ ಎಂದು ನಿನ್ನನ್ನು ನೆಲೋಗಿಗೆ, ನಿನ್ನ ಗಂಡನ ಅಣ್ಣನ ಮನೆಗೆ ಕಳಿಸಿದರು. ಮನೆಯಾಯಿತು, ಬೇರೆ ಮರದ ಹೊಸ್ತಿಲು ಬಂತು. ನಿನ್ನನ್ನು ಯಾರೂ ಕರೆಯಲಿಲ್ಲ. ನನಗೆ ಮಗ ಹುಟ್ಟಿದ, ಬದುಕಿದ. ಅವನನ್ನು ಎತ್ತಿಕೊಂಡಾಗೆಲ್ಲ ಒಂದು ಹಾಳು ಯೋಚನೆ — ಹಾಗಾದರೆ ನಾನು ತೊಳೆದದ್ದರಿಂದಲೇ... ಛೀ! ಅದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು. ತೊಳೆದ ದಿನ ಸಂಜೆ ಹೊಲದಿಂದ ಬಂದ ನೀನು, ನನ್ನ ಸೀರೆಯ ಅಂಚು ನೋಡಿ, "ಸಗಣಿ ಹತ್ಯಾದ ನೋಡ್ರಿ ವೈನಿ" ಅಂದಿದ್ದೆ. ದನದ ಮನೆಯಲ್ಲಿ ಸಗಣಿ ಹತ್ತದ ಸೀರೆ ಯಾವುದಿತ್ತು? ಸುಮ್ಮನೆ ಅಂದೆಯೋ, ನಿನಗೆ ಗೊತ್ತಾಗಿತ್ತೋ? ಗೊತ್ತಿದ್ದರೆ ಎಲ್ಲರೆದುರು ನನ್ನನ್ನೇ ಯಾಕೆ ಕೇಳಿದೆ — ನಾನೇ ಹೇಳಲಿ ಎಂದೇ?

ಅತ್ತೆ, ಮಾವ ಈಗಿಲ್ಲ. ಅವರಿರುವಾಗಲೇ ಹೇಳಬೇಕಿತ್ತು. ನಿನ್ನೆ ನಿನ್ನ ಅಣ್ಣನಿಗೆ ಹೇಳಿದೆ. ಊಟ ಬಿಟ್ಟು ಎದ್ದು ಹೋದರು. ನಾಳೆ ಜೇವರ್ಗಿ ಬಸ್ಸು ಹಿಡಿದು ನೆಲೋಗಿಗೆ ಬರುತ್ತೇನೆ. ಒಳಗೆ ಕರೆಯುವುದು, ಬಿಡುವುದು ನಿನಗೆ ಸೇರಿದ್ದು. ಹೊಸ್ತಿಲ ಹೊರಗೆ ನಿಂತೇ, ನಿನ್ನ ಮನೆಯವರೆಲ್ಲ ಕೇಳುವ ಹಾಗೆ, ಅಂದು ಹೇಳಬೇಕಿದ್ದನ್ನು ಹೇಳುತ್ತೇನೆ:

"ಹೌದಬೇ ಸುಗಲಾ, ನಾ ನೋಡೀನಿ. ಎರಡೂ ಕಡಿ ಬಳಿದಿದ್ದಿ."