ಜೋತಮ್ ದೊಡ್ಡಪ್ಪನ ದೋಷದ ಪುಸ್ತಕ

ಮುಟಾರೆ ಪಟ್ಟಣದ ಡಂಗಮ್ವುರಾ ಬಡಾವಣೆಯಲ್ಲಿ ನಮ್ಮ ಬೀದಿಗೆ ಮೊದಲು ಇಂಟರ್ನೆಟ್ ತಂದವರು ನನ್ನ ದೊಡ್ಡಪ್ಪ ಜೋತಮ್ ಚಿಟಾಕಟಿರಾ. ಮರದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೇಳು ವರ್ಷ ಯಂತ್ರಗಳ ರಿಪೇರಿ ಮಾಡಿ ನಿವೃತ್ತರಾದವರು. ಕಾರ್ಖಾನೆಯವರು ಹಳೆಯ ಕಂಪ್ಯೂಟರುಗಳನ್ನು ಮಾರಿದಾಗ ಒಂದನ್ನು ಕೊಂಡು, ಅದರ ಪರದೆಯ ಪೆಟ್ಟಿಗೆಯನ್ನು ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದರು.

ಕಾರ್ಖಾನೆಯಿಂದ ಅವರು ಇನ್ನೊಂದನ್ನೂ ತಂದಿದ್ದರು. ಅದು ದಪ್ಪ ರಟ್ಟಿನ ದೋಷದ ಪುಸ್ತಕ. ಅದರಲ್ಲಿ ನಾಲ್ಕು ಅಂಕಣ: ಹೊತ್ತು, ಲಕ್ಷಣ, ಸಂಶಯ, ಕ್ರಮ. ಯಂತ್ರ ಕೆಟ್ಟಾಗ ತುಂಬಿಸಿ ಕೆಳಗೆ ಸಹಿ ಹಾಕಬೇಕು. ಈಗ ಕೆಡುವ ಯಂತ್ರ ಮನೆಯಲ್ಲಿ ಒಂದೇ ಇದ್ದುದರಿಂದ ಪುಸ್ತಕವೆಲ್ಲ ಅದಕ್ಕೇ ಮೀಸಲಾಯಿತು.

ಇಂಟರ್ನೆಟ್ಟಿನಲ್ಲಿ ಅವರು ಏನು ಮಾಡುತ್ತಿದ್ದರು ಎಂದು ಕೇಳಿದರೆ, ಹೆಚ್ಚಿನ ಹೊತ್ತು ಇಂಟರ್ನೆಟ್ ಸರಿಯಾಗಿದೆಯೇ ಎಂದು ನೋಡುತ್ತಿದ್ದರು ಎನ್ನಬೇಕು. ಮೊದಲು ಫೋನೆತ್ತಿ ಗುಂಯ್ ಎನ್ನುವ ನಾದ ಒಂದೇ ಸಮ ಇದೆಯೇ ಎಂದು ಕೇಳುವುದು. ಆಮೇಲೆ ಗೋಡೆಯಿಂದ, ಫೋನಿನ ಲೈನಿನಲ್ಲೇ ಇಂಟರ್ನೆಟ್ ತರುವ ಮೋಡೆಮಿನ ತನಕ ತಂತಿಯನ್ನು ಬೆರಳಿನಿಂದ ಸವರುತ್ತಾ ಬರುವುದು. ಆಮೇಲೆ ಮೋಡೆಮಿನ ಕೆಂಪು ದೀಪಗಳನ್ನು ನೋಡುವುದು. ಕೊನೆಗೆ ಕರೆ ಹಾಕಿ, ಅದು ಸಂಖ್ಯೆ ಒತ್ತುವ ಸದ್ದು, ಶಿಳ್ಳೆ, ಜಲ್ಲಿ ಸುರಿದ ಹಾಗಿನ ಸದ್ದು ಎಲ್ಲವನ್ನೂ ಕಣ್ಣು ಮುಚ್ಚಿ ಕೇಳುವುದು. ಯಾವ ಸದ್ದಿನಲ್ಲಿ ತಡೆಯಿತೋ ಅದನ್ನು ಬರೆಯುವುದು.

ಪಕ್ಕದ ಮನೆಯ ಚೆನಾಯಿಯ ಅಮ್ಮ ಮೊದಲ ಸಲ ಆ ಸದ್ದು ಕೇಳಿ ಬಾಗಿಲಿಗೆ ಬಂದಿದ್ದರು. "ನಿಮ್ಮನೇಲಿ ಆಡು ಕೊಯ್ತಿದಾರೆ ಅಂದ್ಕೊಂಡು ತಟ್ಟೆ ತಗೊಂಡು ಬಂದೆ ಯಜಮಾನ್ರೇ. ಬರೀ ಕೂಗೇನಾ, ಮಾಂಸ ಇಲ್ವಾ?"

ದೊಡ್ಡಪ್ಪ ನಗಲಿಲ್ಲ. ಆ ಹೊತ್ತಿನಲ್ಲಿ ಲೈನು ಕಡಿದಿತ್ತು.

ನಾನು ಅವರ ತಮ್ಮನ ಮಗಳು. ಹೈಸ್ಕೂಲಿನ ಮೂರನೆಯ ಫಾರಂನಲ್ಲಿ ಶಾಲೆ ಬಿಟ್ಟ ಮೇಲೆ ಅವರ ಮನೆಯಲ್ಲೇ ಇದ್ದೇನೆ. ಆದ್ದರಿಂದ ಇದರಲ್ಲಿ ಹೆಚ್ಚಿನದನ್ನು ಕಣ್ಣಾರೆ ನೋಡಿಯೇ ಬರೆಯುತ್ತಿದ್ದೇನೆ.

ದೊಡ್ಡಪ್ಪನ ಅಕ್ಕ ಎಸ್ನಾತ್ ಅತ್ತೆ ಹೊಂಡೆ ಕಣಿವೆಯಲ್ಲಿದ್ದರು. ಇವರ ತಾಯಿ ತೀರಿಕೊಂಡಾಗ ದೊಡ್ಡಪ್ಪನಿಗೆ ಆರು ವರ್ಷ, ಅತ್ತೆಗೆ ಹದಿನಾಲ್ಕು. ಅತ್ತೆ ಚಹಾ ತೋಟದ ಗೇಟಿನಲ್ಲಿ ಬಾಳೆಹಣ್ಣು ಮಾರಿ ತಮ್ಮನನ್ನು ಓದಿಸಿದರು, ತಾವು ಓದಲಿಲ್ಲ. ಮನೆಗೆ ಫೋನು ಬಂದ ವರ್ಷ ದೊಡ್ಡಪ್ಪ ಊರಿಗೆ ಹೋಗಿ, ಅತ್ತೆಯ ಅಡುಗೆ ಗುಡಿಸಲಿನ ಬಾಗಿಲ ಹಿಂದೆ ನಮ್ಮ ಸಂಖ್ಯೆಯನ್ನು ಇದ್ದಿಲಿನಿಂದ ದೊಡ್ಡದಾಗಿ ಬರೆದರು. "ಅಕ್ಕ, ಯಾವ ಹೊತ್ತಿಗಾದ್ರೂ ಸರಿ, ಹೌನಾ ಪೇಟೆಯ ಅಂಗಡಿಯಿಂದ ಒಂದು ಫೋನ್ ಮಾಡ್ಸು. ಮೂರು ಗಂಟೇಲಿ ನಿನ್ನ ಮುಂದೆ ಇರ್ತೀನಿ."

ಎರಡು ಸಾವಿರದ ಒಂದನೆಯ ಇಸವಿಯ ಮಾರ್ಚಿನಲ್ಲಿ ದೊಡ್ಡಪ್ಪ ಮೂರು ದೊಡ್ಡ ಕಡತಗಳನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಲು ಹೊರಟರು. ಅವನ್ನು ಹಾಕಿದರೆ ಮೋಡೆಮ್ ಲೈನು ಬಿಡುವುದಿಲ್ಲ ಎಂದು ಎಲ್ಲೋ ಓದಿದ್ದರು. ಒಂದು ಸಲ ಕಡಿದರೆ ಮತ್ತೆ ಮೊದಲಿನಿಂದ ಇಳಿಸಬೇಕು. ಶುಕ್ರವಾರ ಮಧ್ಯಾಹ್ನ ಶುರುಮಾಡಿದರು. ನಾಲ್ಕು ಹತ್ತಕ್ಕೆ ಕಡಿಯಿತು. ಮೋಡೆಮ್ ತಾನಾಗಿ ಮತ್ತೆ ಕರೆ ಹಾಕಿತು. ನಾಲ್ಕು ಮೂವತ್ತೈದಕ್ಕೆ ಮತ್ತೆ. ಐದು ಐದಕ್ಕೆ ಮತ್ತೆ. ಪ್ರತಿ ಸಲವೂ ಹಜಾರದ ಫೋನು ಅರ್ಧ ಗುಣುಗಿ ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಮೋಡೆಮ್ ಲೈನನ್ನು ಹಿಡಿದುಕೊಂಡಿರುತ್ತಿತ್ತು.

ಐದು ನಲವತ್ತಕ್ಕೆ ಕಡಿದಾಗ ನಾವಿಬ್ಬರೂ ಅದರ ಮುಂದೆಯೇ ಇದ್ದೆವು. ಮೋಡೆಮ್ ಸಂಖ್ಯೆ ಒತ್ತುವ ಸದ್ದಿನ ನಡುವೆ ಅದರ ಪುಟ್ಟ ಸ್ಪೀಕರಿನಿಂದ ಒಬ್ಬ ಗಂಡಸಿನ ದನಿ ಬಂತು. "ಹಲೋ... ಹಲೋ..." ಆಮೇಲೆ ನಿಂತುಹೋಯಿತು.

"ಯಾರದೋ ಲೈನು ನಮ್ಮದಕ್ಕೆ ಬೆರೆತಿದೆ," ಎಂದು ದೊಡ್ಡಪ್ಪ ಬರೆದುಕೊಂಡರು.

ಆ ದನಿ ಅತ್ತೆಯ ಮಗ ಫಾನುವೆಲ್‌ನದು ಎಂದು ನನಗೆ ಅನಿಸಿತು. ಅವನು ಹಲೋ ಎನ್ನುವಾಗ ಕೊನೆಯಲ್ಲಿ ಎಳೆಯುತ್ತಾನೆ. ಆದರೆ ಕಂಪ್ಯೂಟರಿನೊಳಗಿಂದ ಫಾನುವೆಲ್ ಮಾತನಾಡಿದ ಎಂದರೆ ನಗುತ್ತಾರೆ ಎಂದುಕೊಂಡೆ. ಹೇಳಲಿಲ್ಲ.

ಆರು ಗಂಟೆಗೆ ದೊಡ್ಡಪ್ಪನಿಗೆ ಒಂದು ಸಂಶಯ ಬಂತು. ನನ್ನನ್ನು ಚೆನಾಯಿಯ ಮನೆಗೆ ಕಳಿಸಿ, ಅಲ್ಲಿಂದ ನಮ್ಮ ಸಂಖ್ಯೆಗೆ ಫೋನ್ ಮಾಡಿಸಿದರು. ನಾನು ಕೊನೆಯ ಅಂಕೆ ಒತ್ತಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಬೇಲಿಯಾಚೆ ಅವರ ದನಿ ಕೇಳಿತು. "ಸಿಕ್ತು. ಬ್ಯೂಲಾ, ಸಿಕ್ತು, ಇಟ್ಟುಬಿಡು."

ಮಾತಿನ ನಡುವೆ ಇನ್ನೊಂದು ಕರೆ ಬಂದರೆ ಕಿವಿಯಲ್ಲಿ ಟಿಕ್ ಎಂದು ತಿಳಿಸುವ ಸೌಲಭ್ಯ ನಮ್ಮ ಫೋನಿಗಿತ್ತು. ಆ ಟಿಕ್ ಮೋಡೆಮಿನ ಲೈನನ್ನು ಕಡಿಯುತ್ತಿತ್ತು. ಅದನ್ನು ನಿಲ್ಲಿಸುವ ಸಂಖ್ಯೆ ದೂರವಾಣಿ ಪುಸ್ತಕದ ಕೊನೆಯ ಪುಟದಲ್ಲಿತ್ತು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಗುಂಡಿ ಒತ್ತಿದರು.

ದೊಡ್ಡಮ್ಮ ಒಲೆಯ ಮುಂದೆ ಮೆಕ್ಕೆಜೋಳದ ಹಿಟ್ಟಿನ ಸಾಡ್ಝಾ ತಿರುವುತ್ತಿದ್ದರು. ಸೌಟು ನಿಲ್ಲಿಸದೆ ಕೇಳಿದರು. "ಹಾಗಿದ್ರೆ ಮಧ್ಯಾಹ್ನದಿಂದ ನಮಗೆ ಯಾರೋ ಫೋನ್ ಮಾಡ್ತಾನೇ ಇದ್ರು ಅಂತಾಯ್ತಲ್ಲ?"

"ಬೇಕಾದವರು ಮತ್ತೆ ಮಾಡ್ತಾರೆ ಬಿಡು."

"ಮಾಡಿದ್ರೆ ಈಗ ಏನು ಕೇಳ್ಸತ್ತೆ ಅವರಿಗೆ?"

"ಎಂಗೇಜ್ ಅಂತ ಕೇಳ್ಸತ್ತೆ. ಮನೇಲಿ ಜನ ಇದಾರೆ ಅಂತ ಗೊತ್ತಾಗತ್ತಲ್ಲ, ಸಾಕು."

ಶುಕ್ರವಾರ ಏಳಕ್ಕೆ ಹಿಡಿದ ಲೈನು ಭಾನುವಾರ ಮಧ್ಯಾಹ್ನ ಮೂರರವರೆಗೆ ಬಿಡಲಿಲ್ಲ. ಒಂದು ಕಡತ ಮುಗಿದರೆ ಇನ್ನೊಂದು. ದೊಡ್ಡಪ್ಪ ಚರ್ಚಿಗೂ ಹೋಗಲಿಲ್ಲ. ಎರಡು ದಿನ ಅವರು ಅಷ್ಟು ಗೆಲುವಾಗಿದ್ದುದನ್ನು ನಾನು ಹಿಂದೆ ನೋಡಿರಲಿಲ್ಲ. ಮೂರನೆಯ ಕಡತವೂ ಮುಗಿದ ಮೇಲೆ ತಾವೇ ಲೈನು ಬಿಡಿಸಿ, ಹಾಲು ಹಾಕಿದ ಚಹಾ ಕೇಳಿದರು.

ಲೋಟ ಕೈಗೆ ಬರುವ ಮೊದಲೇ ಫೋನು ರಿಂಗಾಯಿತು.

"ನೋಡು, ಎಷ್ಟು ಶುದ್ಧವಾಗಿ ರಿಂಗಾಗ್ತಿದೆ ಲೈನು," ಎನ್ನುತ್ತಾ ದೊಡ್ಡಪ್ಪ ನಗುತ್ತಲೇ ಎತ್ತಿದರು.

ಫಾನುವೆಲ್‌ನ ದನಿ ನನಗೂ ಕೇಳುವಷ್ಟು ಜೋರಾಗಿತ್ತು. "ಮಾವ, ಮುಗೀತಾ ನಿಮ್ಮ ಮಾತು?"

"ಯಾವ ಮಾತಪ್ಪಾ?"

"ಅಮ್ಮನ್ನ ಇವತ್ತು ಹತ್ತು ಗಂಟೆಗೆ ಮಣ್ಣು ಮಾಡಿದ್ವಿ."

ದೊಡ್ಡಪ್ಪನ ಮುಖದಲ್ಲಿ ಆ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೇಗೆ ತೆಗೆಯಬೇಕೆಂದು ಅವರಿಗೇ ತೋಚದಂತೆ ಅದು ಅಲ್ಲೇ ಇತ್ತು. ನಾನು ನೆಲ ನೋಡಿದೆ.

ಅತ್ತೆ ಶನಿವಾರ ನಸುಕಿನಲ್ಲಿ ತೀರಿಕೊಂಡಿದ್ದರು. ಫಾನುವೆಲ್ ಶನಿವಾರವೆಲ್ಲ ಅಂಗಡಿಯ ಫೋನಿನ ಮುಂದೆ ನಿಂತಿದ್ದ. ರಿಂಗಾಗಿ ಯಾರೂ ಎತ್ತದಿದ್ದರೆ ಅವನು ಬಸ್ಸು ಹತ್ತುತ್ತಿದ್ದ. ಆದರೆ ಎಂಗೇಜ್ ಎಂದರೆ ಮನೆಯಲ್ಲಿದ್ದಾರೆ, ಇನ್ನೊಂದು ನಿಮಿಷದಲ್ಲಿ ಇಡುತ್ತಾರೆ ಎಂದು ಕಾದ. ಹಾಗೆ ಕಾಯುತ್ತಾ ಕೊನೆಯ ಬಸ್ಸು ಹೋಯಿತು. ಭಾನುವಾರ ಬಸ್ಸಿಲ್ಲ.

ಸೋಮವಾರ ನಾವು ಮೂವರೂ ಹೋದೆವು. ಅತ್ತೆಯ ಗುಡಿಸಲಿನ ಬಾಗಿಲ ಹಿಂದೆ ನಮ್ಮ ಸಂಖ್ಯೆ ಇತ್ತು. ಹೊಗೆಗೆ ಮಾಸಿದಾಗಲೆಲ್ಲ ಅದರ ಮೇಲೆ ಮತ್ತೆ ಮತ್ತೆ ಇದ್ದಿಲು ತೀಡಿದ್ದರು. ಓದು ಬಾರದವರು ತೀಡಿದ್ದರಿಂದ ಏಳರ ಅಂಕಿ ಸ್ವಲ್ಪ ಓರೆಯಾಗಿತ್ತು. ದೊಡ್ಡಪ್ಪ ಆ ಬಾಗಿಲ ಕಡೆ ಬೆನ್ನು ಹಾಕಿ ಕೂತರು.

ಅಕ್ಕನ ಮೇಲೆ ಮೊದಲ ಹಿಡಿ ಮಣ್ಣು ದೊಡ್ಡಪ್ಪ ಹಾಕಬೇಕಿತ್ತು. ಅವರ ಬದಲಿಗೆ ಮುತ್ಸಾಗೊ ಅಜ್ಜ ಹಾಕಿದ್ದರು. ಅವರು ನಮ್ಮ ಮನೆತನದ ಸಾಹ್ವಿರ, ಎಂದರೆ ತಲೆಮಾರುಗಳ ಗೆಳೆಯ. ಸಾವಿನ ಮನೆಯಲ್ಲಿ ಸತ್ತವರನ್ನೂ ಬದುಕಿದವರನ್ನೂ ಅಣಕಿಸುವ ಹಕ್ಕು ಸಾಹ್ವಿರನದು. ಅವನು ಏನು ಅಂದರೂ ಸಿಟ್ಟು ಮಾಡುವಂತಿಲ್ಲ, ಎದ್ದು ಹೋಗುವಂತಿಲ್ಲ.

ನಾವು ಚಪ್ಪಾಳೆ ತಟ್ಟಿ ವಂದಿಸಿ ಕೂತ ಮೇಲೆ ಮುತ್ಸಾಗೊ ಅಜ್ಜ ಅತ್ತೆಯ ತಲೆವಸ್ತ್ರ ಕಟ್ಟಿಕೊಂಡು ಬಂದರು. ಅತ್ತೆ ಕೂರುತ್ತಿದ್ದ ಹಾಗೆಯೇ ಬೆಂಚಿನ ಮೇಲೆ ಎಡಗಾಲು ಚಾಚಿ ಕೂತರು. ಅತ್ತೆಗೆ ಆ ಮಂಡಿ ಮಡಿಸಲು ಆಗುತ್ತಿರಲಿಲ್ಲ. ಒಂದು ಚಪ್ಪಲಿ ತೆಗೆದು ಕಿವಿಗಿಟ್ಟುಕೊಂಡರು.

"ಜೋತಮ್, ನಾನು ಕಣಪ್ಪಾ, ನಿನ್ನಕ್ಕ. ಉಸಿರು ಸ್ವಲ್ಪ ಬಿಗೀತಿದೆ. ಬಂದು ಹೋಗ್ತೀಯಾ?"

ಆಮೇಲೆ ಚಪ್ಪಲಿಯನ್ನು ಇನ್ನೊಂದು ಕಿವಿಗೆ ಬದಲಿಸಿ, ತುಟಿ ಚೂಪು ಮಾಡಿ ಶಿಳ್ಳೆ ಹಾಕಿದರು. "ಪೀಂ... ಪೀಂ..." ಅದು ಮೋಡೆಮಿನ ಸದ್ದೇ. ಫಾನುವೆಲ್ ಜೊತೆ ಶುಕ್ರವಾರ ಅಂಗಡಿಯಲ್ಲಿ ಅವರೂ ಕೇಳಿದ್ದರಂತೆ.

"ಏನಂದೆ? ಪೀಂ ಅಂದ್ಯಾ? ಪಟ್ಟಣದ ಭಾಷೆ ಕಣ್ರೇ ಇದು, ನಂಗೆ ಬರಲ್ಲ. ಬಾಳೆಹಣ್ಣು ಮಾರಿ ಇವನನ್ನ ಓದಿಸ್ದೆ, ನಾನು ಓದ್ಲಿಲ್ಲ ನೋಡಿ."

ಹೆಂಗಸರು ಹೊದ್ದ ಬಟ್ಟೆಯಂಚನ್ನು ಬಾಯಿಗೆ ಹಿಡಿದು ನಕ್ಕರು. ಬೆಂಕಿಯ ಸುತ್ತ ಕೂತ ಗಂಡಸರೂ ನಕ್ಕರು. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡರು.

ಅಜ್ಜ ಚಪ್ಪಲಿ ಕೆಳಗಿಟ್ಟರು. "ಹೋಗ್ಲಿ ಬಿಡ್ರೋ. ಪಾಪ, ಕೆಲಸದಲ್ಲಿರ್ಬೇಕು."

"ಇದೊಂದು ಮಾತು ಅಣಕ ಅಲ್ಲ," ಎಂದ ಫಾನುವೆಲ್. "ಅಮ್ಮ ನಿಜವಾಗಿ ಅಂದಿದ್ದು."

ನಗು ನಿಂತಿತು. ದೊಡ್ಡಪ್ಪ ಕೋಟಿನ ಜೇಬಿನಿಂದ ದೋಷದ ಪುಸ್ತಕ ತೆಗೆದರು. ಅದನ್ನು ಏಕೆ ತಂದಿದ್ದರೋ ನನಗೆ ಗೊತ್ತಿಲ್ಲ. ಎದ್ದು ನಿಂತು ಓದಿದರು.

"ಶುಕ್ರವಾರ, ನಾಲ್ಕು ಹತ್ತು. ಲೈನು ಕಡಿಯಿತು."

"ನಾನು," ಎಂದ ಫಾನುವೆಲ್. "ಅಮ್ಮ ನಿಮ್ಮನ್ನ ಕೇಳಿದ್ದು ಆವಾಗ್ಲೇ ಮೊದಲು."

"ನಾಲ್ಕು ಮೂವತ್ತೈದು. ಲೈನು ಕಡಿಯಿತು."

"ನಾನೇ."

"ಐದು ಐದು. ಕಡಿಯಿತು. ತಂತಿ ಬದಲಿಸಿದೆ."

"ಅದೂ ನಾನೇ ಮಾವ."

"ಐದು ನಲವತ್ತು. ಗಂಡಸಿನ ದನಿ, ಎರಡು ಸಲ ಹಲೋ. ಬೇರೆ ಲೈನು ಬೆರೆತಿರಬೇಕು."

ಫಾನುವೆಲ್ ಬೆಂಕಿಗೆ ಒಂದು ಕಟ್ಟಿಗೆ ತಳ್ಳಿದ. ದೊಡ್ಡಪ್ಪ ಪುಸ್ತಕ ಮುಚ್ಚಲು ಹೋದರು. ಮುತ್ಸಾಗೊ ಅಜ್ಜ ತಲೆವಸ್ತ್ರ ಬಿಚ್ಚುತ್ತಾ ತಮ್ಮ ದನಿಯಲ್ಲೇ ಕೇಳಿದರು. "ಕೆಳಗೆ ಇನ್ನೊಂದು ಸಾಲಿದೆಯಲ್ಲ. ಓದು."

"ಆರು ಹದಿನೈದು. ದೋಷ ಸಿಕ್ಕಿತು. ಸರಿಪಡಿಸಲಾಯಿತು."

"ಸಹಿ ಹಾಕಿದೀಯಾ?"

"ಹಾಕಿದೀನಿ."

ಅಜ್ಜ ಪಕ್ಕಕ್ಕೆ ಸರಿದು ಬೆಂಚಿನ ಮೇಲೆ ಜಾಗ ಮಾಡಿದರು. ದೊಡ್ಡಪ್ಪ ಬಹಳ ಹೊತ್ತು ನಿಂತೇ ಇದ್ದರು.

ಮನೆಗೆ ಬಂದ ಮೇಲೆ ಅವರು ಮೊದಲು ಮಾಡಿದ ಕೆಲಸ ಆ ಟಿಕ್ ಅನ್ನು ಮತ್ತೆ ಹಾಕಿಸಿದ್ದು. ಮೋಡೆಮ್ ತಾನಾಗಿ ಕರೆ ಹಾಕುವುದನ್ನೂ ನಿಲ್ಲಿಸಿದರು. ಈಗ ಲೈನು ಕಡಿದರೆ ಅವರು ಕುರ್ಚಿ ಬಿಟ್ಟು ಹಜಾರಕ್ಕೆ ಓಡುತ್ತಾರೆ. ಅರವತ್ತೆರಡು ವರ್ಷದವರು ಹಾಗೆ ಓಡುವುದನ್ನು ನೋಡಲು ನನಗೆ ಕಷ್ಟವಾಗುತ್ತದೆ. "ಜೋತಮ್ ಮಾತಾಡ್ತಿದೀನಿ, ಹೇಳಿ," ಎನ್ನುತ್ತಾರೆ. ಹೆಚ್ಚಾಗಿ ಚೆನಾಯಿಯ ಅಮ್ಮ ಬೇಲಿಯಾಚೆಯಿಂದ ಈರುಳ್ಳಿ ಕೇಳಲು ಮಾಡಿರುತ್ತಾರೆ. ಅದನ್ನೂ ಬರೆಯುತ್ತಾರೆ. ಲಕ್ಷಣದ ಅಂಕಣದಲ್ಲಿ ಈಗ ಇರುವುದು ಜನರ ಹೆಸರು ಮಾತ್ರ.

ನನ್ನದು ಒಂದು ಬಾಕಿ ಇತ್ತು. ಬಾಯಿಬಿಟ್ಟು ಹೇಳಲು ಹಲವು ಸಲ ಹೊರಟು ಹಿಂದೆ ಬಂದಿದ್ದೆ. ಒಂದು ಭಾನುವಾರ ಅವರು ಚರ್ಚಿಗೆ ಹೋದಾಗ ಪುಸ್ತಕ ತೆಗೆದು, ಐದು ನಲವತ್ತರ ಸಾಲಿನ ಮುಂದೆ ಪೆನ್ಸಿಲಿನಲ್ಲಿ ಬರೆದೆ: "ಫಾನುವೆಲ್ ಎಂದು ನನಗೆ ಗುರುತು ಸಿಕ್ಕಿತ್ತು. ಹೇಳಲಿಲ್ಲ." ಕೆಳಗೆ ನನ್ನ ಸಹಿ ಹಾಕಿದೆ.

ಸೋಮವಾರ ಅವರು ಆ ಪುಟವನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ನನ್ನ ಕಡೆ ತಿರುಗಲಿಲ್ಲ. ನಾನು ಪಾತ್ರೆ ಉಜ್ಜುತ್ತಲೇ ಇದ್ದೆ.

ಸಂಜೆ ಲೈನು ಕಡಿಯಿತು. ಹಜಾರದಲ್ಲಿ ಫೋನು ರಿಂಗಾಗತೊಡಗಿತು. ದೊಡ್ಡಪ್ಪ ಕುರ್ಚಿಯಿಂದ ಏಳಲಿಲ್ಲ.

"ಬ್ಯೂಲಾ," ಎಂದರು. "ನೀನು ಎತ್ತು. ಯಾರು ಅಂತ ಕೇಳು. ನನಗೆ ಕೇಳೋ ಹಾಗೆ ಜೋರಾಗಿ ಹೇಳು."

ನಾನು ಕೈ ಒರೆಸಿಕೊಂಡು ಹೋಗಿ ಎತ್ತಿದೆ.