ಮಠದ ತಲೆಬಾಗಿಲು, ನಮ್ಮ ಹಿತ್ತಲಬಾಗಿಲು

ಮಹಾಯುದ್ಧ ನಡೆದು ಸೀಮೆಎಣ್ಣೆಗೂ ಬರ ಬಂದಿದ್ದ ದಿನಗಳವು. ಆದರೂ ಶ್ರಾವಣ ಹುಟ್ಟಿತೆಂದರೆ ಹಾನಗಲ್ಲಿನ ನಮ್ಮ ಓಣಿಯ ತುಂಬ ಶೇಂಗಾ ಹುರಿಯುವ ವಾಸನೆ, ನಮಗೆ ಜೋಕಾಲಿಯ ಹುಚ್ಚು. ಅದೇ ತಿಂಗಳು ಮಠದ ಸ್ವಾಮಿಗಳು, ನಮ್ಮ ಬಾಯಲ್ಲಿ ಅಜ್ಜಾರು, ಜೋಳಿಗೆ ಹಾಕಿಕೊಂಡು ಭಿಕ್ಷೆಗೆ ಬರುತ್ತಿದ್ದರು. ಮೊದಲ ಹಿಡಿ ಜೋಳ ನಮ್ಮ ಮನೆಯದು. ಅದು ಬೀಳದೆ ಬೇರೆಯವರು ನೀಡುವಂತಿರಲಿಲ್ಲ. ಯಾಕೆಂದರೆ ಅಜ್ಜಾರು ಇರುತ್ತಿದ್ದ ದೊಡ್ಡ ಮನೆ ಒಂದು ಕಾಲಕ್ಕೆ ನಮ್ಮದೇ. ಹಳೆಯ ಮಠ ಮಳೆಗೆ ಕುಸಿದಾಗ ನಮ್ಮ ಮುತ್ಯಾ ಆ ಮನೆಯನ್ನು ಹಿಂದಿನ ಅಜ್ಜಾರಿಗೆ ಬಿಟ್ಟುಕೊಟ್ಟು, ಎದುರಿನ ಸಣ್ಣ ಮನೆಗೆ ಬಂದಿದ್ದ. ಮುತ್ಯಾನ ಹೆಂಡತಿ, ಅಂದರೆ ಅಪ್ಪನ ತಾಯಿ, ನಮ್ಮ ಆಯಿ, ಮದುಮಗಳಾಗಿ ಸೇರಕ್ಕಿ ಒದ್ದು ಒಳಗೆ ಹೋದದ್ದು ಆ ಮನೆಯ ತಲೆಬಾಗಿಲಿನಿಂದಲೇ.

ಆ ವರ್ಷ ಮಠದ ವ್ಯವಹಾರ ನೋಡಿಕೊಳ್ಳಲು ಶಿಗ್ಗಾಂವ ಕಡೆಯ ಹೊಸ ಕಾರಭಾರಿ ಬಂದಿದ್ದ. ಪಂಚಮಿಯ ಉಂಡಿ ಕೊಡಲು ಆಯಿಯ ಜೊತೆ ನಾನೂ ಹೋದೆ. ಆತ ತಲೆಬಾಗಿಲಿಗೆ ಅಡ್ಡ ನಿಂತ.

"ಗಂಡ ಸತ್ತಾಕಿ ಮುಂದಿನ ಬಾಗ್ಲಿಂದ ಬರಬಾರ್ದು. ಹಿತ್ತಲದಿಂದ ಬಾ."

ಆಯಿ ಅಲ್ಲಿಂದಲೇ ಮನೆಗೆ ಹೊರಳಿದಳು. ಉಂಡಿಯನ್ನೆಲ್ಲ ನಮಗೇ ಹಂಚಿದಳು. ನಾನಂತೂ ಆತನ ಮೋರೆಗೆ ಸಗಣಿ ಎಸೆಯಬೇಕೆಂದು ಹಲ್ಲು ಕಡಿಯುತ್ತಿದ್ದೆ.

ಸೋಮವಾರ ಭಿಕ್ಷೆ ಬಂತು. ಆಯಿ ಮುಂಬಾಗಿಲಿಗೆ ಅಗಳಿ ಹಾಕಿ, ಜೋಳದ ಮೊರ ಮುಂದಿಟ್ಟುಕೊಂಡು ಕೂತುಬಿಟ್ಟಳು. ಅಪ್ಪ ಬೇಡಿಕೊಂಡ, ಬೈದ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ತೆಗೆಯಲು ಬಂದವರನ್ನು ಕಚ್ಚಲೂ ಸಿದ್ಧಳಿದ್ದೆ. ಹೊರಗೆ ಜಿನುಗು ಮಳೆಯಲ್ಲಿ ಅಜ್ಜಾರು, ಅವರ ಹಿಂದೆ ಮೊರ ಹಿಡಿದ ಓಣಿಯ ಹೆಂಗಸರು. ಕಾರಭಾರಿ ಬಾಗಿಲು ಬಡಿದ.

"ಹಿತ್ತಲ ಬಾಗ್ಲಾ ತಗದೈತಿ," ಎಂದಳು ಆಯಿ. "ನನಗ ದಾರಿ ತೋರ್ಸಿದಾವ ಆ ದಾರೀಲೆ ಬರ್ಲಿ."

ಅಜ್ಜಾರು ಏನಾಯಿತೆಂದು ಕೇಳಿದರು. ನೆರೆಮನೆಯಾಕೆ ಎಲ್ಲ ಹೇಳಿದಳು. ಅಜ್ಜಾರು ಹೆಗಲ ಜೋಳಿಗೆ ತೆಗೆದು ಕಾರಭಾರಿಯ ಕೈಗಿಟ್ಟರು.

"ಹೋಗ್ರಿ. ಹಿತ್ತಲದಾಗಿಂದ ಹೋಗ್ರಿ."

ನಮ್ಮ ಹಿತ್ತಲೆಂದರೆ ತಿಪ್ಪೆ, ಎಮ್ಮೆ, ಮೊಣಕಾಲುದ್ದ ರಾಡಿ. ಕಾರಭಾರಿ ಧೋತರ ಎತ್ತಿಕೊಂಡು ಅದನ್ನೆಲ್ಲ ತುಳಿದು ಬಂದ. ಓಣಿಗೆ ಓಣಿಯೇ ಗೋಡೆಯ ಮೇಲಿಂದ ನೋಡಿತು. ಆಯಿ ಜೋಳ ನೀಡಿ, ಬಂದ ದಾರಿಯಲ್ಲೇ ಹೋಗೆಂದು ಕೈ ತೋರಿಸಿದಳು. ನನಗಾದ ಸಂತೋಷ ಯಾವ ಜೋಕಾಲಿಯಲ್ಲೂ ಆಗಿರಲಿಲ್ಲ. ಪಾಪ ಎಂದು ಆಗ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಮರುದಿನ ಆಯಿ ತಲೆಬಾಗಿಲಿನಿಂದಲೇ ಮಠಕ್ಕೆ ಹೋಗಿಬಂದಳು.

ಈಗ ಮಠದ ಆ ಮನೆ ಕೆಡವಿ ಮಹಡಿ ಕಟ್ಟಿದ್ದಾರೆ. ಗೋಡೆಯ ಕಲ್ಲಿನಲ್ಲಿ ಅದರ ಚರಿತ್ರೆ ಕೆತ್ತಿಸಿದ್ದಾರೆ. ಕಾರಭಾರಿಯ ಹೆಸರಿದೆ, ಮುತ್ಯಾನದಿಲ್ಲ, ಆಯಿಯದಂತೂ ಇಲ್ಲವೇ ಇಲ್ಲ. ಓದಿದಾಗೆಲ್ಲ ಮೈ ಉರಿಯುತ್ತದೆ. ಆದರೆ ಸೇಡು ತೀರಿಸಿಕೊಳ್ಳುವುದು ಹೇಗೆ? ಜೋಳಿಗೆ ಬರುವುದು ನಿಂತು ಎಷ್ಟೋ ವರ್ಷಗಳಾದವು. ಇಂದು ನಾನು ಅಗಳಿ ಹಾಕಿಕೊಂಡು ಕೂತರೆ ಹೊರಗೆ ಯಾರೂ ಕಾಯುವುದಿಲ್ಲ.